ಒಂದೂ ಮನೆಯಿಲ್ಲದ ಹೊಳೆ

ಟೋಪೋ ಶೀಟಿನಲ್ಲಿ ಮನುಷ್ಯ ಕಟ್ಟಿಕೊಂಡದ್ದೆಲ್ಲ ಕೆಂಪು: ಮನೆ, ಊರು, ರಸ್ತೆ. ನೀರು ನೀಲಿ, ಕಾಡು ಹಸಿರು, ಬೆಟ್ಟದ ಏರಿಳಿತ ಹೇಳುವ ಸಮೋನ್ನತ ರೇಖೆಗಳು ಕಂದು. ಸುಳ್ಯದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವಳು ನಾನು. ನಕ್ಷೆ ಓದಲು ಕಲಿಸುವಾಗ ಮಕ್ಕಳಿಗೆ ಒಂದು ಆಟ ಆಡಿಸುತ್ತಿದ್ದೆ. ಹೊಳೆ ಹುಟ್ಟುವಲ್ಲಿ ಬೆರಳಿಡಿ, ನೀಲಿ ಗೆರೆ ಹಿಡಿದು ಕೆಳಗಿಳಿಯಿರಿ, ಮೊದಲ ಕೆಂಪು ಚುಕ್ಕೆ ಸಿಕ್ಕಿದಲ್ಲಿ ನಿಲ್ಲಿಸಿ. ಆ ಚುಕ್ಕೆಯ ಮನೆಯವರೇ ಆ ಹೊಳೆಯ ನೀರನ್ನು ಎಲ್ಲರಿಗಿಂತ ಮೊದಲು ಕುಡಿಯುವವರು. ನಮ್ಮ ಕಡೆಯ ಹೊಳೆಗಳಲ್ಲಿ ಬೆರಳು ಬೇಗ ನಿಲ್ಲುತ್ತಿತ್ತು.

ನಿವೃತ್ತಿಯ ನಂತರ ಒಂದು ಮಳೆಗಾಲದ ಮಧ್ಯಾಹ್ನ ಹಳೆಯ ನಕ್ಷೆಗಳನ್ನು ಹರಡಿಕೊಂಡು ಕುಳಿತಿದ್ದಾಗ ಅದೇ ಆಟವನ್ನು ಕೇರಳದ ಕುಂತಿಪ್ಪುಳದ ಮೇಲೆ ಆಡಿದೆ. ನೀಲಗಿರಿಯ ನೈಋತ್ಯ ಮೂಲೆಯಲ್ಲಿ ಹುಟ್ಟಿದ ನೀಲಿ ಗೆರೆ ಕಂದು ಗೆರೆಗಳ ಗುಂಪಿನಿಂದ ಕೆಳಕ್ಕೆ ಧುಮುಕಿ, ಒಂದು ಅಗಲವಾದ ಹಸಿರಿನ ನಡುವೆ ನಿಧಾನವಾಗಿ ದಕ್ಷಿಣಕ್ಕೆ ಹೋಗಿ, ಮತ್ತೆ ಒಂದು ಇಕ್ಕಟ್ಟಿನಲ್ಲಿ ನುಗ್ಗಿ ಬಯಲಿಗೆ ಬಿತ್ತು. ಅಷ್ಟುದ್ದಕ್ಕೂ ಬೆರಳು ಎಲ್ಲಿಯೂ ನಿಲ್ಲಲಿಲ್ಲ. ಒಂದು ಇಡೀ ಕಣಿವೆ, ಒಂದು ಇಡೀ ಹೊಳೆ, ಒಂದೂ ಮನೆಯಿಲ್ಲ. ಅದು ಸೈಲೆಂಟ್ ವ್ಯಾಲಿ. ನಮ್ಮ ಪಾಠಗಳಲ್ಲಿ 'ಮೌನ ಕಣಿವೆ' ಎಂದು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು. ನಾನೂ ಆ ಸಾಲನ್ನು ಓದಿಸಿ ಮುಂದೆ ಹೋಗಿದ್ದವಳೇ. ಅಲ್ಲಿ ಯಾರೂ ಏಕೆ ಇಲ್ಲ ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ, ಮಳೆಯ ಜೋರು ಇಳಿದ ಮೇಲೆ ಹೊರಟೆ.

ಮಣ್ಣಾರ್ಕಾಡಿನಿಂದ ಹತ್ತಿದರೆ ದಾರಿ ಹತ್ತಿರ. ನಾನು ಬೇಕೆಂದೇ ಸುತ್ತು ದಾರಿ ಹಿಡಿದು ಕೊಯಮತ್ತೂರಿಗೆ ರೈಲಿನಲ್ಲಿ ಹೋಗಿ, ಆನಕಟ್ಟಿಯಲ್ಲಿ ಗಡಿ ದಾಟಿ ಅಟ್ಟಪ್ಪಾಡಿಯ ಮೂಲಕ ಪೂರ್ವದಿಂದ ಪಶ್ಚಿಮಕ್ಕೆ ಬಂದೆ. ಮಳೆ ನೆರಳು ಎಂಬುದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದನ್ನು ಕಣ್ಣಾರೆ ನೋಡಬೇಕೆಂದರೆ ಈ ರಸ್ತೆಗೆ ಬರಬೇಕು. ಆನಕಟ್ಟಿಯ ಆಸುಪಾಸಿನಲ್ಲಿ ನೆಲ ಕೆಂಪಗೆ ಒಣಗಿ, ಮುಳ್ಳುಕಂಟಿಗಳ ನಡುವೆ ಆಡುಗಳು ಮೇಯುತ್ತಿದ್ದವು. ಅಗಳಿ ದಾಟಿದಂತೆ ಹೊಲದ ಬದಿಗೆ ಬಾಳೆ ಬಂತು, ಆಮೇಲೆ ಅಡಿಕೆ ಬಂತು. ಮುಕ್ಕಾಲಿ ಹತ್ತಿರವಾಗುವಾಗ ಬಸ್ಸಿನ ಕಿಟಕಿಯೊಳಗೆ ಹಸಿಯೆಲೆಯ ತಂಪು ವಾಸನೆ ಬಂದು, ಕಂಡಕ್ಟರ್ ಎದ್ದು ಟರ್ಪಾಲಿನ ಪರದೆ ಇಳಿಬಿಟ್ಟ. ಬೆಳಗಿನ ತಿಂಡಿ ಬರಗಾಲದ ನಾಡಿನಲ್ಲಿ ತಿಂದು, ಮಧ್ಯಾಹ್ನದ ಊಟಕ್ಕೆ ಮಲೆನಾಡು ಸೇರಿದಂತಾಯಿತು.

ಈ ದಾರಿಯ ಜೊತೆಗೆ ಬಹಳ ದೂರ ಭವಾನಿ ಹೊಳೆ ಬರುತ್ತದೆ, ನಮಗೆ ಎದುರಾಗಿ. ಕೇರಳದ ಹೊಳೆಗಳೆಲ್ಲ ಪಶ್ಚಿಮಕ್ಕೆ ಓಡುವಾಗ ಪೂರ್ವಕ್ಕೆ ತಿರುಗಿದವು ಮೂರೇ: ಕಬಿನಿ, ಭವಾನಿ, ಪಾಂಬಾರ್. ಮೂರೂ ಕೊನೆಗೆ ಕಾವೇರಿಗೇ ಸೇರುತ್ತವೆ. ಕುಂತಿ ಮತ್ತು ಭವಾನಿ ಹುಟ್ಟುವುದು ಒಂದೇ ಬೆಟ್ಟಸಾಲಿನ ಆಚೀಚೆ ಮಗ್ಗುಲಲ್ಲಿ. ಶಿಖರದ ಮೇಲೆ ಬಿದ್ದ ಮಳೆಹನಿ ಎಡಕ್ಕೆ ವಾಲಿದರೆ ಭಾರತಪ್ಪುಳ ಸೇರಿ ಪೊನ್ನಾನಿಯಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಬಲಕ್ಕೆ ವಾಲಿದರೆ ಕಾವೇರಿಯಾಗಿ ಬಂಗಾಳಕೊಲ್ಲಿ.

ಮುಕ್ಕಾಲಿಯಿಂದ ಒಳಗೆ ಸೈರಂಧ್ರಿಯವರೆಗೆ 23 ಕಿಲೋಮೀಟರು. ಸ್ವಂತ ಗಾಡಿ ಬಿಡುವುದಿಲ್ಲ. ಅರಣ್ಯ ಇಲಾಖೆ ಗೊತ್ತು ಮಾಡಿದ ಜೀಪಿನಲ್ಲಿ, ಮಾರ್ಗದರ್ಶಿಯೊಬ್ಬರ ಜೊತೆ ಹೋಗಬೇಕು. ಮರುದಿನ ಬೆಳಿಗ್ಗೆ ನಮಗೆ ಸಿಕ್ಕಿದವರು ಮುದುಗ ಸಮುದಾಯದ, ಐವತ್ತು ದಾಟಿದ ಸಣಕಲು ಮನುಷ್ಯ. ನನ್ನ ಕಸುಬು ಕೇಳಿ ತಿಳಿದ ಮೇಲೆ "ಟೀಚರೇ" ಎಂದೇ ಕರೆದರು. ನಾನು "ಚೇಟ್ಟಾ" ಎಂದೆ. ನನ್ನದು ಕಾಸರಗೋಡಿನ ನೆಂಟರ ಮನೆಯಲ್ಲಿ ಕಲಿತ ಮುರುಕು ಮಲಯಾಳಂ. ಆದರೆ ಕಾಡಿನೊಳಗೆ ಭಾಷೆ ತೊಡಕಾಗಲೇ ಇಲ್ಲ. ಅವರ ಆನ ನಮ್ಮ ಆನೆ. ಅವರ ಮಳ ನಮ್ಮ ಮಳೆ. ಪುಳ ಮತ್ತು ಹೊಳೆ ಒಂದೇ ಬೇರಿನ ಮಾತು. ತೋಡು ಎಂಬುದಂತೂ ನಮ್ಮ ಅಡಿಕೆ ತೋಟದ ಕೆಳಗೆ ಹರಿಯುವ ತೋಡೇ. ಕುಂತಿಗೆ ಪೂರ್ವದಿಂದ ಬಂದು ಸೇರುವ ಉಪನದಿಗಳಲ್ಲಿ ಒಂದು ವಲಿಯಪಾರತೋಡು ಎಂದಾಗ ದೊಡ್ಡ ಬಂಡೆಯ ತೋಡು ಎಂದು ಅವರು ಬಿಡಿಸಿ ಹೇಳಬೇಕಾಗಲಿಲ್ಲ.

"ಅಟ್ಟಪ್ಪಾಡಿ ಅಂದರೆ ಏನು ಗೊತ್ತಾ ಟೀಚರೇ? ಅಟ್ಟ ಅಂದರೆ ಇಂಬಳ," ಎಂದು ಅವರು ನನ್ನ ಕಾಲು ತೋರಿಸಿದರು. ಜೀಪು ಹತ್ತುವ ಮೊದಲೇ ಎರಡು ಇಂಬಳ ಹತ್ತಿಕೊಂಡಿದ್ದವು. ಊರಿಂದ ತಂದಿದ್ದ ಸುಣ್ಣ, ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿದೆ. ಅವರು ಮೆಚ್ಚಿ ತಲೆಯಾಡಿಸಿದರು.

ದಾರಿ ಒಂದೇ ಕಾಡಿನದಲ್ಲ. ಮೊದಲು ತೇಗ, ಮತ್ತಿಯಂಥ ಎಲೆಯುದುರುವ ಮರಗಳು. ಮುಂದೆ ರಸ್ತೆಬದಿಯಲ್ಲಿ ಹಳೆಯ ಕಾಫಿ ಗಿಡಗಳು, ಯಾರೋ ನೆಟ್ಟು ಬಿಟ್ಟುಹೋದವು; ಕಾಡು ಅವುಗಳ ಮೇಲೆ ಬೆಳೆದು, ಅವು ಬೆಳಕಿಗಾಗಿ ಕತ್ತು ಉದ್ದ ಮಾಡಿಕೊಂಡು ಸೊರಗಿದ್ದವು. ಅಲ್ಲಿಂದ ಮುಂದೆ ನಿತ್ಯಹರಿದ್ವರ್ಣ ಕಾಡು ಕದ ಹಾಕಿದ ಹಾಗೆ ಆವರಿಸಿತು. ಬೆಳಿಗ್ಗೆ ಹತ್ತಕ್ಕೆ ಜೀಪಿನ ದೀಪ ಹಾಕಬೇಕಾಯಿತು.

ಒಂದು ತಿರುವಿನಲ್ಲಿ ಚೇಟ್ಟ ಡ್ರೈವರನ ಭುಜ ಮುಟ್ಟಿದರು. ಎಂಜಿನ್ ನಿಂತಿತು. ಮೇಲೆ, ನೆಲದಿಂದ ಎಪ್ಪತ್ತು ಎಂಬತ್ತು ಅಡಿ ಎತ್ತರದ ಕೊಂಬೆಯಲ್ಲಿ ಸಿಂಗಳೀಕಗಳ ಹಿಂಡು. ಕರಿಮೈ, ಮುಖದ ಸುತ್ತ ನರೆತ ಕೇಸರ. ಕೊಂಬೆಗೇ ಅಂಟಿದಂತೆ ಬಿಟ್ಟಿದ್ದ ಮುಳ್ಳುಮುಳ್ಳಾದ ಪುಟ್ಟ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ತಿನ್ನುತ್ತಿದ್ದವು. ಆ ಮರದ ಹೆಸರು ಕಲೇನಿಯಾ. ಮಲಯಾಳಂನಲ್ಲಿ ವೆಡಿಪ್ಲಾವು, ಎಂದರೆ ಸಿಡಿಹಲಸು. ಸಿಂಗಳೀಕದ ಆಹಾರದಲ್ಲಿ ದೊಡ್ಡ ಪಾಲು ಈ ಮರದ ಹೂವು, ಕಾಯಿ. ಪಶ್ಚಿಮ ಘಟ್ಟ ಬಿಟ್ಟರೆ ಈ ಕೋತಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಅಘನಾಶಿನಿ, ಶರಾವತಿ ಕಣಿವೆಗಳಲ್ಲೂ ಇದೆ. ಇದು ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಅಪರೂಪ. ನಡುವೆ ಮೈಲಿಯಗಲ ನೀರು ನಿಂತರೆ ಅದರ ಲೋಕ ಅಲ್ಲಿಗೆ ಎರಡು ತುಂಡು.

ಸೈರಂಧ್ರಿ. ಯಕ್ಷಗಾನದ ಕೀಚಕವಧೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ಹೆಸರು ಕೇಳಿದರೆ ಚೆಂಡೆಯ ಸದ್ದೇ ಕಿವಿಗೆ ಬರುತ್ತದೆ. ಅಜ್ಞಾತವಾಸದಲ್ಲಿ ದ್ರೌಪದಿ ಇಟ್ಟುಕೊಂಡ ಹೆಸರು ಇದು. ಈ ಕಣಿವೆಗೆ ಇದೇ ಹಳೆಯ ಹೆಸರೆಂದೂ ಇಂಗ್ಲಿಷರ ಬಾಯಲ್ಲಿ ಅದು ಸೈಲೆಂಟ್ ವ್ಯಾಲಿಯಾಯಿತೆಂದೂ ಇಲ್ಲಿನವರು ಹೇಳುತ್ತಾರೆ. ಜೀರುಂಡೆಯ ಸದ್ದಿಲ್ಲದ್ದರಿಂದ ಆ ಹೆಸರು ಎಂಬುದು ಇನ್ನೊಂದು ಮಾತು. ನಾನು ಹೋದ ದಿನ ಜೀರುಂಡೆ ಚೆನ್ನಾಗಿಯೇ ಕೂಗುತ್ತಿತ್ತು. ಹೊಳೆಗೆ ಕುಂತಿಯ ಹೆಸರು, ಒಂದು ತೋಡಿಗೆ ಮಾದ್ರಿಯ ಹೆಸರು, ಕೆಳಗೆ ದ್ರೌಪದಿ ಅಕ್ಷಯಪಾತ್ರೆ ತೊಳೆದಳೆಂಬ ಪಾತ್ರಕ್ಕಡವು. ಊರೇ ಇಲ್ಲದ ನಾಡಿನಲ್ಲಿ ಇಷ್ಟು ಹೆಸರುಗಳು! ಸುತ್ತಲಿನ ಮುದುಗರು, ಕುರುಂಬರು, ಇರುಳರು ಜೇನಿಗೆ, ರಾಳಕ್ಕೆ, ಬೆತ್ತಕ್ಕೆ ಈ ಕಾಡಿನ ಅಂಚಿಗೆ ಬರುತ್ತಿದ್ದವರು. ಆ ಹೆಸರುಗಳನ್ನು ಮತ್ತೆ ನೋಡಿದಾಗ ಒಂದು ವಿಷಯ ಹೊಳೆಯಿತು. ಎಲ್ಲವೂ ವನವಾಸದ ಹೆಸರುಗಳು. ಇಲ್ಲಿಗೆ ಬಂದವರು ಇರಲು ಬಂದವರಲ್ಲ, ಅವಧಿ ಮುಗಿದ ಮೇಲೆ ಹೊರಟುಹೋಗುವವರು ಎಂಬುದನ್ನು ಕತೆ ಕಟ್ಟಿದ ಜನ ಮೊದಲೇ ತಿಳಿದಿದ್ದರು.

ಸೈರಂಧ್ರಿಯಲ್ಲಿ ನೂರು ಅಡಿ ಎತ್ತರದ ಕಾವಲು ಗೋಪುರವಿದೆ. ಮಂಡಿ ನೋವಿನ ನಾನು ನಿಂತು ನಿಂತು ಹತ್ತಿದೆ. ಮೇಲೆ ಹೋದಾಗ ಮಂಜು. ಹತ್ತು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಗಾಳಿ ಬೀಸಿ, ನನ್ನ ಟೋಪೋ ಶೀಟು ಎದುರಿಗೆ ಎದ್ದು ನಿಂತಿತು.

ಉತ್ತರದಲ್ಲಿ ನೀಲಗಿರಿಯ ಗೋಡೆ. ಸಿಸ್ಪಾರ ಶಿಖರ 2,206 ಮೀಟರು, ಅದನ್ನೂ ಮೀರಿದ್ದು ಅಂಗಿಂಡ. ಪೂರ್ವಕ್ಕೆ ಎಲ್ಲೂ ಕಡಿಯದ ಬೆಟ್ಟಸಾಲು, ಅದರಾಚೆ ನಾನು ಹಿಂದಿನ ದಿನ ಬಿಟ್ಟು ಬಂದ ಒಣನೆಲ. ಪಶ್ಚಿಮಕ್ಕೆ ಏರುಪೇರಾದ ಇನ್ನೊಂದು ಸಾಲು. ನಡುವೆ ಹನ್ನೆರಡು ಕಿಲೋಮೀಟರು ಉದ್ದ, ಏಳು ಕಿಲೋಮೀಟರು ಅಗಲದ, ಹೆಚ್ಚುಕಡಿಮೆ ಆಯತಾಕಾರದ ಒಂದು ತೊಟ್ಟಿ. ಅದು ನೆಲಮಟ್ಟದ ತೊಟ್ಟಿಯಲ್ಲ. ಬಹುಪಾಲು 880ರಿಂದ 1,200 ಮೀಟರ್ ಎತ್ತರದಲ್ಲಿ ತೂಗುಹಾಕಿದ ತೊಟ್ಟಿ. ನೈಋತ್ಯ ಮಾರುತ ಪಶ್ಚಿಮದಿಂದ ಬಂದು ಈ ಗೋಡೆಗಳಿಗೆ ಹೊಡೆದು ಇದರೊಳಗೇ ಸುರಿಯುತ್ತದೆ. ದಕ್ಷಿಣಕ್ಕೆ ಮಾತ್ರ ತೆರಪು. ಅಲ್ಲಿಯೂ ನೆಲ ಮೆಲ್ಲನೆ ಇಳಿಯುವುದಿಲ್ಲ. ಎರಡು ಗುಡ್ಡಗಳು ಹತ್ತಿರ ಬಂದು, ಹೊಳೆಗಷ್ಟೇ ಜಾಗ ಬಿಟ್ಟು, ಥಟ್ಟನೆ ಮಣ್ಣಾರ್ಕಾಡಿನ ಬಯಲಿಗೆ ಬೀಳುತ್ತವೆ.

ಜನ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಕಮರಿ. ಬಯಲಿನ ಭತ್ತ ಬೆಳೆಯುವವನಿಗೆ ಎತ್ತು ನೇಗಿಲು ಹತ್ತಿಸಲು ದಾರಿಯಿಲ್ಲ. ಮೇಲಿನ ನೀಲಗಿರಿಯ ಹುಲ್ಲುಗಾವಲಿನವರಿಗೆ ಎಮ್ಮೆ ಇಳಿಸಲು ದಾರಿಯಿಲ್ಲ. 1830ರ ದಶಕದಲ್ಲಿ ಬ್ರಿಟಿಷರು ಕಲ್ಲಿಕೋಟೆಯ ಕಡೆಯಿಂದ ಊಟಿಗೆ ಸಿಸ್ಪಾರ ಘಾಟಿಯ ಮೂಲಕ ಕುದುರೆದಾರಿ ಮಾಡಿದರು. ಕಣಿವೆಯ ಉತ್ತರದ ಅಂಚಿನಲ್ಲಿ ಹಾದ ಆ ದಾರಿ ಮಳೆಗೂ ಚಳಿಗೂ ತಡೆಯದೆ ಕೊನೆಗೆ ಪಾಳುಬಿತ್ತು.

ಹಾಗೆಂದು ಇದು ಕೊಡಲಿಯನ್ನೇ ಕಾಣದ ಕಾಡೆಂದು ಹೇಳಿದರೆ ಸುಳ್ಳಾಗುತ್ತದೆ. ಸಸ್ಯವಿಜ್ಞಾನಿ ರಾಬರ್ಟ್ ವೈಟ್ 1847ರಲ್ಲಿ ಇಲ್ಲಿ ಗಿಡಮರ ಗುರುತಿಸಿದ. 1914ರಲ್ಲಿ ರಿಸರ್ವ್ ಫಾರೆಸ್ಟ್ ಆಯಿತು. 1927ರಿಂದ 1976ರವರೆಗೆ ಕೆಲವು ಭಾಗಗಳಲ್ಲಿ ಆರಿಸಿ ಆರಿಸಿ ಮರ ಕಡಿದದ್ದೂ ಉಂಟು. ಮನೆ ಮಾತ್ರ ಯಾರೂ ಕಟ್ಟಲಿಲ್ಲ.

ಗೋಪುರದಿಂದ ಇಳಿದು ಒಂದೂವರೆ ಕಿಲೋಮೀಟರು ನಡೆದರೆ ಕುಂತಿ, ಅದರ ಮೇಲೊಂದು ತೂಗುಸೇತುವೆ. ಹೊಳೆ ಆಳವಿಲ್ಲ. ಗುಂಡುಕಲ್ಲುಗಳ ಮೇಲೆ ಹರಡಿಕೊಂಡು ಹರಿಯುತ್ತದೆ, ಅಕ್ಟೋಬರಿನಲ್ಲೂ ಕೆಂಪಿನ ಸುಳಿವಿಲ್ಲ. ನಮ್ಮಲ್ಲಿ ಎರಡು ಮಳೆ ಬಿದ್ದರೆ ಹೊಳೆ ಚಹಾದ ಬಣ್ಣಕ್ಕೆ ತಿರುಗುತ್ತದೆ, ಯಾಕೆಂದರೆ ಮೇಲೆ ಎಲ್ಲೋ ಒಂದು ರಬ್ಬರ್ ತೋಟಕ್ಕೆ ಜೆಸಿಬಿ ಇಳಿದಿರುತ್ತದೆ. ಚೇಟ್ಟ ಬೊಗಸೆಯಲ್ಲಿ ನೀರೆತ್ತಿ ಕುಡಿದರು.

"ಕುಡಿಯಿರಿ ಟೀಚರೇ. ಮೇಲೆ ಒಂದು ಮನೆಯೂ ಇಲ್ಲ."

ಕುಡಿದೆ. ಜೀವನದಲ್ಲಿ ಮೊದಲ ಬಾರಿಗೆ, ಮೊದಲ ಕೆಂಪು ಚುಕ್ಕೆಯ ಮೇಲಿನ ನೀರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಅಣೆಕಟ್ಟು ಬರಬೇಕಾಗಿದ್ದುದು ಇಲ್ಲಿಯೇ, ಹೊಳೆ ಇಕ್ಕಟ್ಟಿಗೆ ಸಿಗುವ ಈ ಸೈರಂಧ್ರಿಯಲ್ಲಿ. 1928ರ ಸುಮಾರಿಗೇ ಜಲವಿದ್ಯುತ್ತಿಗೆ ಹೇಳಿ ಮಾಡಿಸಿದ ಜಾಗವೆಂದು ಗುರುತಿಸಿದ್ದರು. ಎಂಜಿನಿಯರುಗಳ ಕಣ್ಣನ್ನು ನಾನು ದೂರುವುದಿಲ್ಲ. ನಾನು ಕಪ್ಪು ಹಲಗೆಯ ಮೇಲೆ ಬರೆದು ಕೇಳಿದ್ದರೂ ಮಕ್ಕಳು ಇದೇ ಜಾಗ ತೋರಿಸುತ್ತಿದ್ದರು. ಮೇಲೆ ಎತ್ತರದಲ್ಲಿ ಅಗಲವಾದ ತೊಟ್ಟಿ, ಅದಕ್ಕೆ ಸಣ್ಣ ಬಾಯಿ, ಬಾಯಿಯ ಕೆಳಗೆ ಕಡಿದಾದ ಇಳಿಜಾರು. ಬಾಯಿ ಮುಚ್ಚಿದರೆ ತೊಟ್ಟಿ ತುಂಬುತ್ತದೆ, ಕೊಳವೆಯಲ್ಲಿ ಕೆಳಗೆ ಬಿಟ್ಟರೆ ವಿದ್ಯುತ್ತು ಬರುತ್ತದೆ. ಶತಮಾನಗಳ ಕಾಲ ಮನುಷ್ಯನನ್ನು ಹೊರಗಿಟ್ಟ ನೆಲದ ಆಕಾರವೇ ಅಣೆಕಟ್ಟನ್ನು ಕೈಬೀಸಿ ಕರೆಯಿತು. ಇನ್ನೊಂದು ಅನುಕೂಲವೂ ಇತ್ತು. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಊರೂರೇ ಎದ್ದುಹೋಗಬೇಕಾಯಿತು, ಆ ಮನೆಗಳ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಇಲ್ಲಿ ಎಬ್ಬಿಸಬೇಕಾದ ಒಂದು ಒಲೆಯೂ ಇರಲಿಲ್ಲ.

120 ಮೆಗಾವ್ಯಾಟಿನ ಯೋಜನೆಗೆ 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆ ಕೊಟ್ಟಿತು. ಮುಳುಗುವ ಕಾಡು 830 ಹೆಕ್ಟೇರು. ಮಲಬಾರಿಗೆ ಕರೆಂಟು ಬೇಕಿತ್ತು, ಪಾಲಕ್ಕಾಡು ಮಲಪ್ಪುರಂನ ಗದ್ದೆಗಳಿಗೆ ನೀರು ಬೇಕಿತ್ತು. ಯೋಜನೆ ಬೇಕೆಂದವರೆಲ್ಲ ಕೆಟ್ಟವರೇನಲ್ಲ.

ಸೇತುವೆಯ ಮೇಲೆ ನಿಂತು ನಾನು ಬಹಳ ಹೊತ್ತು ಯೋಚಿಸಿದ್ದು ಮುಂದಿನದನ್ನು. ಸಾಮಾನ್ಯವಾಗಿ ಅಣೆಕಟ್ಟಿನ ವಿರುದ್ಧ ಮೊದಲು ದನಿ ಎತ್ತುವವರು ಮುಳುಗುವವರು. ಅವರ ಮನೆ, ಅವರ ಗದ್ದೆ, ಅವರ ದೈವದ ಗುಡಿ. ಇಲ್ಲಿ ಮುಳುಗುವವರೇ ಇರಲಿಲ್ಲ. ಸಿಂಗಳೀಕ ಅರ್ಜಿ ಬರೆಯುವುದಿಲ್ಲ. ಹಾಗಿರುವಾಗ ಈ ಕಾಡಿನ ಪರವಾಗಿ ಮಾತನಾಡಿದವರು ಇಲ್ಲಿ ನೆಲೆಸದ ಜನ. ಪಯ್ಯನ್ನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಜಾನ್ ಸಿ. ಜೇಕಬ್, ಸಸ್ಯಶಾಸ್ತ್ರದ ಅಧ್ಯಾಪಕ ಎಂ.ಕೆ. ಪ್ರಸಾದ್, ಅವರ ಜೊತೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು. ಪರಿಷತ್ತು ಬರೀ ಭಾವುಕವಾಗಿ ಮಾತಾಡಲಿಲ್ಲ, ಯೋಜನೆಯ ಲಾಭನಷ್ಟವನ್ನು ಲೆಕ್ಕ ಹಾಕಿ ಪುಸ್ತಕ ಪ್ರಕಟಿಸಿತು. ಕವಯಿತ್ರಿ ಸುಗತಕುಮಾರಿ 'ಮರತ್ತಿನು ಸ್ತುತಿ' ಬರೆದರು. ಅದು ಕೇರಳದ ಶಾಲೆ, ಬೀದಿಗಳಲ್ಲಿ ಹಾಡಾಯಿತು. ಸಾಲಿಂ ಅಲಿ, ಎಂ.ಎಸ್. ಸ್ವಾಮಿನಾಥನ್ ಅಂಥವರು ಬೇಡವೆಂದರು. ಕೊನೆಗೆ ಎಂ.ಜಿ.ಕೆ. ಮೆನನ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು, ಅದರ ವರದಿಯ ನಂತರ 1983ರಲ್ಲಿ ಇಂದಿರಾ ಗಾಂಧಿ ಯೋಜನೆ ಕೈಬಿಟ್ಟರು. 1984ರ ನವೆಂಬರ್ 15ರಂದು 89.52 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದಾಗ ಆಕೆ ಬದುಕಿರಲಿಲ್ಲ. ಮರುವರ್ಷ ಸೆಪ್ಟೆಂಬರ್ 7ರಂದು ರಾಜೀವ್ ಗಾಂಧಿ ಉದ್ಘಾಟಿಸಿದರು. ಅಲ್ಲಿಗೂ ಮುಗಿಯಲಿಲ್ಲ. ಈ ಶತಮಾನದ ಮೊದಲಲ್ಲೇ ಸ್ವಲ್ಪ ಕೆಳಗಿನ ಪಾತ್ರಕ್ಕಡವಿನಲ್ಲಿ ಇನ್ನೊಂದು ಅಣೆಕಟ್ಟಿನ ಪ್ರಸ್ತಾಪ ಬಂತು. 2007ರಲ್ಲಿ 148 ಚದರ ಕಿಲೋಮೀಟರು ಕಾಡನ್ನು ರಕ್ಷಣಾ ವಲಯವಾಗಿ ಸೇರಿಸಿದರು.

ಆ ಹೋರಾಟದಲ್ಲಿ ಎಷ್ಟೊಂದು ಮೇಷ್ಟರು! ದೂರದ ಕಣಿವೆಯನ್ನು ಕ್ಲಾಸಿನಲ್ಲಿ ಕುಳಿತ ಮಕ್ಕಳಿಗೆ ಕಾಣಿಸಿದವರು. ನಾನು ಅದೇ ವರ್ಷಗಳಲ್ಲಿ ಒಂದು ಸಾಲು ಓದಿಸಿ ಮುಂದೆ ಹೋಗಿದ್ದೆ. ಆ ನೋವು ನನಗೆ ಇದೆ, ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಸೇತುವೆಯ ಆಚೆ ದಟ್ಟ ಕಾಡಿನೊಳಗೆ ಒಂದು ಕಾಲುದಾರಿ ಕಂಡಿತು. "ಅಲ್ಲಿಗೆ?" ಎಂದು ಕೈ ತೋರಿಸಿದೆ.

"ಅದು ನಮ್ಮ ವಾಚರುಗಳು ಹೋಗುವ ದಾರಿ. ನಿಮಗೆ ಇಲ್ಲಿಯವರೆಗೇ," ಎಂದರು ಚೇಟ್ಟ. ಮಳೆಗಾಲದಲ್ಲಿ ದಿನಗಟ್ಟಲೆ ಒಳಗಿನ ಶಿಬಿರಗಳಲ್ಲಿ ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ ಇರುವವರು ಅವರ ಜನ. ಇಲ್ಲಿ ಮನುಷ್ಯರಿಲ್ಲದೆ ಇರುವುದಕ್ಕೂ ಮನುಷ್ಯರ ದುಡಿಮೆ ಬೇಕು. ಅವರ ಮಗಳು ಅಗಳಿಯಲ್ಲಿ ಓದುತ್ತಿದ್ದಾಳೆ ಎಂದರು. ಭೂಗೋಳ ಇಷ್ಟವೇ ಎಂದು ಕೇಳಿದೆ. "ಅವಳಿಗೆ ಲೆಕ್ಕ ಇಷ್ಟ," ಎಂದು ನಕ್ಕರು.

ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ಈ ಸಲ ಮಣ್ಣಾರ್ಕಾಡಿನ ಕಡೆಗೆ ಘಾಟಿ ಇಳಿದೆ. ತಿರುವು ತಿರುವಿಗೂ ಬಯಲು ಮೇಲೆದ್ದು ಬಂತು: ರಬ್ಬರು, ತೆಂಗು, ಮಸೀದಿಯ ಮಿನಾರು, ಹೆಂಚಿನ ಮನೆಗಳು. ಊರಿನ ಬದಿಯಲ್ಲಿ ಅದೇ ಕುಂತಿ ಸೇತುವೆಯಡಿ ಹರಿಯುತ್ತಿತ್ತು. ದಡದಲ್ಲಿ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು, ಎರಡು ಮಕ್ಕಳು ಈಜುತ್ತಿದ್ದರು. ನೀರು ಇಲ್ಲಿಯೂ ತಿಳಿಯಾಗಿತ್ತು.

ಊರಿಗೆ ಬಂದ ಮೇಲೆ ನಮ್ಮ ಸೀಮೆಯ ನಕ್ಷೆ ಬಿಚ್ಚಿದೆ. ಶಿರಾಡಿ, ಬಿಸಿಲೆ ಕಡೆ ಕಂದು ಗೆರೆಗಳು ಹಾಗೆಯೇ ಒತ್ತೊತ್ತಾಗಿ ಬರುವ ಜಾಗಗಳಿವೆ. ಅಲ್ಲಿಯೂ ಕಾಡು, ಇಕ್ಕಟ್ಟಿನ ಕಮರಿ, ಎಬ್ಬಿಸಬೇಕಾದವರು ತೀರ ಕಡಿಮೆ. ಆ ಆಕಾರ ನೋಡಿಯೇ ಗುಂಡ್ಯ ಜಲವಿದ್ಯುತ್ ಯೋಜನೆ ಹುಟ್ಟಿತು. ಮೆನನ್ ಸಮಿತಿಯಲ್ಲಿ ಸದಸ್ಯರಾಗಿದ್ದ ಮಾಧವ ಗಾಡ್ಗೀಳರೇ ಅಧ್ಯಕ್ಷರಾಗಿದ್ದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರಲ್ಲಿ ಅದು ಬೇಡವೆಂದಿತು. ಅದೇ ಗುಂಡ್ಯ ಹೊಳೆಯ ತಲೆಯಲ್ಲಿರುವ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ನಮ್ಮ ಶಾಲೆಗಳಿಂದ ಆ ಕಾಡು ಬಸ್ಸಿನ ದಾರಿ. ಭೂಗೋಳ ಹೇಳಿಕೊಡುವ ಗೆಳೆಯ ಗೆಳತಿಯರಲ್ಲಿ ನನ್ನ ಬೇಡಿಕೆ ಒಂದೇ: ಈ ವರ್ಷ ಮಕ್ಕಳ ಮುಂದೆ ಆ ನಕ್ಷೆ ಹರಡಿ, ಹೊಳೆಯ ಮೇಲೆ ಬೆರಳಿಡಿಸಿ, ಮೊದಲ ಕೆಂಪು ಚುಕ್ಕೆಯವರೆಗೆ ಕರೆದುಕೊಂಡು ಬನ್ನಿ. ಸೈರಂಧ್ರಿಗೆ ಹೋಗುವವರು ಬೆಳಿಗ್ಗೆ ಎಂಟಕ್ಕೆಲ್ಲ ಮುಕ್ಕಾಲಿಯಲ್ಲಿರಿ. ತೂಗುಸೇತುವೆಯ ಆಚೆಗೆ ಕರೆದೊಯ್ಯಿರೆಂದು ಮಾತ್ರ ಕೇಳಬೇಡಿ.